ಕುಡಿಯದೆ ನೋಡಿದ ಫುಟ್‌ಬಾಲ್

ನಮ್ಮೂರಲ್ಲಿ ಫುಟ್‌ಬಾಲ್ ಆಡುವವರು ಹನ್ನೊಂದು ಮಂದಿ, ನೋಡುವವರು ಇನ್ನೂರು ಮಂದಿ. ಆಡುವವರಿಂದ ನನಗೆ ಎಂದೂ ತೊಂದರೆಯಾಗಿಲ್ಲ. ನಾನು ಹರಪನಹಳ್ಳಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಅಕ್ಷರ ಗುಂಡಗಿದೆ, ಬ್ಯಾನರು ಬರೆಯಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಊರಿನ ಫುಟ್‌ಬಾಲ್ ಸಂಘದ ಕಾರ್ಯದರ್ಶಿ ಮಾಡಿದರು. ವರ್ಷಕ್ಕೆ ಒಂದೇ ಆಟ. ಮೆಕ್ಕೆಜೋಳ ಮುರಿದು ಹೊಲ ಖಾಲಿಯಾದ ಮೇಲೆ ಒಂದು ಭಾನುವಾರ ಕೊಟ್ಟೂರಿನವರು ಟೆಂಪೋ ಮಾಡಿಕೊಂಡು ಬರುತ್ತಾರೆ, ಗೆದ್ದು ಹೋಗುತ್ತಾರೆ. ಅಷ್ಟಕ್ಕೇ ನನ್ನ ಬಿ.ಪಿ. ಏರುತ್ತದೆ.

ಮೈದಾನ ಎಂದು ನಾವು ಕರೆಯುವುದು ನನ್ನ ಅತ್ತೆಯ ಹೊಲವನ್ನು. ಅತ್ತೆಯೆಂದರೆ ನನ್ನ ಸೋದರಮಾವನ ಹೆಂಡತಿ. ಹೊಲ ಅವಳ ತವರಿನಿಂದ ಬಂದದ್ದು, ಪಹಣಿಯಲ್ಲಿ ಅವಳದೇ ಹೆಸರು, ಹಾಗಾಗಿ ಅಲ್ಲಿ ಮಾವನ ಮಾತು ನಡೆಯುವುದಿಲ್ಲ. ಮಾವ ಕುರಿ ಕಾಯುವವನು. ಅವನಿಗೆ ಫುಟ್‌ಬಾಲ್ ಎಂದರೆ ಪ್ರಾಣ, ಕುಡಿತವೆಂದರೂ ಅಷ್ಟೇ ಪ್ರಾಣ. ಎರಡೂ ಒಂದೇ ದಿನ ಕೂಡಿಬಂದರೆ ಏನಾಗುತ್ತದೆ ಎಂಬುದನ್ನು ಹಿಂದಿನ ವರ್ಷ ಇಡೀ ಊರು ಕಂಡಿತ್ತು. ಆಟ ಅರ್ಧ ನಡೆದಿದೆ, ಮಾವ ತೂರಾಡುತ್ತ ಒಳಗೆ ಬಂದ, ಉರುಳಿ ಬಂದ ಚೆಂಡನ್ನು ಎತ್ತಿ ಕಂಬಳಿಯೊಳಗೆ ಮುಚ್ಚಿಕೊಂಡು ನಡು ಮೈದಾನದಲ್ಲಿ ಕೂತುಬಿಟ್ಟ.

"ಪಾಪ, ಎಲ್ಲಾರೂ ಕೂಡಿ ಒಂದನ್ನ ಎಷ್ಟಂತ ಒದೀತೀರಿ," ಎಂದು ಅಳಲು ಶುರುಮಾಡಿದ. "ಅದೇನ್ ಮಾಡೇತಿ ನಿಮಗ?"

ಇಪ್ಪತ್ತೆರಡು ಮಂದಿ ಸುತ್ತ ನಿಂತು ಬೇಡಿಕೊಂಡರೂ ಕೊಡಲಿಲ್ಲ. ಇದನ್ನು ಕಂಡು ಅವನ ಜೊತೆಯವರೂ ಮೈದಾನದ ಸುತ್ತ ಕಟ್ಟಿದ ಹಗ್ಗ ದಾಟಿ ಬಂದರು. ಒಬ್ಬ ಗೋಲ್‌ಕಂಬಕ್ಕೆ ಒರಗಿ ನಿದ್ದೆಹೋದ. ಅವನಿಗೆ ತಾಗಿ ಹೊರಗೆ ಹೋದ ಹೊಡೆತವನ್ನು ಗೋಲೆಂದು ಎಣಿಸಬೇಕೇ ಬೇಡವೇ ಎಂದು ಕೊಟ್ಟೂರಿನವರು ಇವತ್ತಿಗೂ ಕೇಳುತ್ತಾರೆ.

ಈ ವರ್ಷ ಹೊಲ ಕೇಳಲು ಹೋದಾಗ ಅತ್ತೆ ಅಕ್ಕಿ ಆರಿಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ಈ ಸಲ ಕೊಡ್ತೀನಿ. ಆದ್ರ ಕುಡಿದಾವ ಒಬ್ಬ ಒಳಗ ಕಾಲಿಟ್ರೂ ಮುಂದಿನ ವರ್ಷ ಆಟ ಇಲ್ಲ ನೋಡಪ. ಮೆಕ್ಕಿಜೋಳ ಮುರಿದ ಕೂಡ್ಲೇ ಕಡ್ಲಿ ಬಿತ್ತಿಬಿಡ್ತೀನಿ."

ಬೇರೆ ಹೊಲ ನಮಗೆ ಯಾರೂ ಕೊಡುವುದಿಲ್ಲ. ಇದು ಹೋದರೆ ಸಂಘವೂ ಹೋಯಿತು, ನನ್ನ ಗುಂಡು ಅಕ್ಷರದ ಬ್ಯಾನರೂ ಹೋಯಿತು. ಮಿರ್ಚಿ ಮಂಡಕ್ಕಿ ಹೋಟೆಲಿನಲ್ಲಿ ಸಭೆ ಕರೆದೆ. ಕುಡಿದವರನ್ನು ಆಟ ನೋಡಲು ಬಿಡಬೇಕೋ ಬೇಡವೋ ಎಂಬುದರ ಮೇಲೆ ಎರಡು ತಟ್ಟೆ ಮಿರ್ಚಿ ಖಾಲಿಯಾಗುವವರೆಗೆ ಚರ್ಚೆಯಾಯಿತು. ಕುಡಿಯದವರು ಕೈಕಟ್ಟಿ ಕೂತು ಬ್ಯಾಂಕಿಗೆ ಬಂದವರ ಹಾಗೆ ನೋಡುತ್ತಾರೆ, ಕೂಗುವವರೇ ಇಲ್ಲದಿದ್ದರೆ ಆಡುವುದು ಯಾರಿಗಾಗಿ ಎಂದು ನಮ್ಮ ಗೋಲ್‌ಕೀಪರು ವಾದಿಸಿದ. ನಾನು ಎದ್ದು ನಿಂತು ಭಾಷಣ ಬಿಗಿದೆ. ಕ್ರೀಡೆ ಎಂದರೇನು, ಶಿಸ್ತು ಎಂದರೇನು, ಮದ್ಯ ಮನುಷ್ಯನನ್ನು ಹೇಗೆ ಹಾಳುಮಾಡುತ್ತದೆ ಎಂದು ಬಹಳ ಚೆನ್ನಾಗಿ ಹೇಳಿದೆ. ಹೋಟೆಲಿನವನು ಕೂಡ ಮಿರ್ಚಿ ಕರಿಯುವುದನ್ನು ಬಿಟ್ಟು ಕೇಳಿದ.

ಆದರೆ ಕುಡಿದವನನ್ನು ಗುರುತಿಸುವುದು ಹೇಗೆ? ಇನ್ನೂರು ಬಾಯಿ ಮೂಸಿ ನೋಡಲು ಯಾರೂ ಮುಂದೆ ಬರಲಿಲ್ಲ. ಅದಕ್ಕೂ ಅತ್ತೆಯೇ ದಾರಿ ಹುಡುಕಿದಳು. ಹಗ್ಗದ ಬಾಗಿಲಲ್ಲಿ ಸ್ಟೂಲ್ ಮೇಲೆ ತಟ್ಟೆ, ತಟ್ಟೆಯಲ್ಲಿ ಉಚ್ಚಂಗೆಮ್ಮ ದೇವಿಯ ಭಂಡಾರ. ಒಳಗೆ ಬರುವವರು ಆ ಅರಿಶಿನದ ಪುಡಿ ಮುಟ್ಟಿ 'ಕುಡಿದಿಲ್ಲ' ಎಂದು ಹೇಳಿ ಬರಬೇಕು. ನಮ್ಮ ಕಡೆಯವರು ಪೊಲೀಸರಿಗೆ ಸುಳ್ಳು ಹೇಳುತ್ತಾರೆ, ಹೆಂಡತಿಗೆ ಹೇಳುತ್ತಾರೆ, ಭಂಡಾರ ಮುಟ್ಟಿ ಮಾತ್ರ ಹೇಳುವುದಿಲ್ಲ.

ಆಟದ ದಿನ ಬೆಳಿಗ್ಗೆ ನಾನು ಹರಪನಹಳ್ಳಿಯಲ್ಲಿ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಹೋಗಬೇಕಾಯಿತು. ಊಟವಾದ ಮೇಲೆ ಮಹಡಿಯ ಮೇಲೆ ಕರೆದರು. ಬಿಸಿಲು ಜೋರಿತ್ತು. ಒಂದು ಬೀರು ಕುಡಿದೆ. ಬೀರು ಮದ್ಯದಲ್ಲಿ ಬರುವುದಿಲ್ಲ, ಅದೊಂದು ಥರದ ತಂಪು ಪಾನೀಯ ಎಂದು ದಾರಿಯುದ್ದಕ್ಕೂ ನನಗೆ ನಾನೇ ಭಾಷಣ ಮಾಡಿಕೊಂಡು ಬಂದೆ. ಸುಣ್ಣದ ಗೆರೆ ಹಾಕುವುದಿತ್ತಾದ್ದರಿಂದ ತಟ್ಟೆ ಇಡುವ ಮೊದಲೇ ನಾನು ಹಗ್ಗದ ಒಳಗಿದ್ದೆ. ಭಂಡಾರ ಮುಟ್ಟು ಎಂದು ಕಾರ್ಯದರ್ಶಿಗೆ ಯಾರು ಹೇಳುತ್ತಾರೆ?

ಮೂರೂವರೆಗೆ ಜನ ಬರತೊಡಗಿದರು. ಉತ್ಸಾಹದಿಂದ ಬರುವುದು, ತಟ್ಟೆಯನ್ನೂ ಅದರ ಪಕ್ಕ ಕೂತ ಅತ್ತೆಯನ್ನೂ ನೋಡುವುದು, ಏನೋ ಮರೆತವರಂತೆ ಜೇಬು ತಡಕಿಕೊಂಡು ಹಿಂದೆ ತಿರುಗುವುದು. ಒಬ್ಬ ಚಪ್ಪಲಿ ಬಿಟ್ಟು, ಕೈ ಮುಗಿದು, ಭಂಡಾರವನ್ನು ಹಣೆಗೆ ಹಚ್ಚಿಕೊಂಡು, ಬಾಯಿ ಬಿಡದೆ ಹೊರಟುಹೋದ. ಹೀಗೆ ತಿರುಗಿದವರೆಲ್ಲ ಪಕ್ಕದ ಗುಡ್ಡ ಹತ್ತಿ ಕೂತರು. ನೋಡುತ್ತಿದ್ದಂತೆ ಗುಡ್ಡ ತುಂಬಿತು. ನೋಡುವವರಲ್ಲಿ ಒಳಗೆ ಉಳಿದವರು ಹತ್ತು ಮಂದಿ ಅಜ್ಜಿಯರು, ಶಾಲೆಯ ಮಕ್ಕಳು, ಒಬ್ಬ ಅಂಚೆಯವನು. ನಮ್ಮ ಗೋಲ್‌ಕೀಪರು ತಟ್ಟೆಯ ಮುಂದೆ ಬಹಳ ಹೊತ್ತು ನಿಂತ. ಕೊನೆಗೆ ಬೂಟು ಕೈಯಲ್ಲಿ ಹಿಡಿದು ಅವನೂ ಗುಡ್ಡದ ಕಡೆ ನಡೆದ. ಗೋಲಿಗೆ ಅಂಚೆಯವನನ್ನು ನಿಲ್ಲಿಸಿದೆವು.

ಆಗ ಮಾವ ಬಂದ. ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ನೆಟ್ಟಗೆ ನಡೆದು ಬಂದ. ತಟ್ಟೆಗೆ ಕೈಯಿಟ್ಟು "ಕುಡಿದಿಲ್ಲ" ಎಂದ. ಗುಡ್ಡದ ಮೇಲಿದ್ದವರು ಎದ್ದು ನಿಂತು ನೋಡಿದರು.

ಕುಡಿಯದ ಮಾವನನ್ನು ನಾನು ಅಲ್ಲಿಯವರೆಗೆ ಸರಿಯಾಗಿ ನೋಡಿರಲೇ ಇಲ್ಲ. ಅವನೂ ಫುಟ್‌ಬಾಲನ್ನು ಸರಿಯಾಗಿ ನೋಡಿರಲಿಲ್ಲ. ಗೆರೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಪ್ರತಿಯೊಂದು ನಿಯಮ ಕೇಳಿ ತಿಳಿದುಕೊಂಡ. ಆಫ್‌ಸೈಡ್ ಎಂದರೇನೆಂದು ನಾನು ಹೇಳಿದ್ದೇ ತಪ್ಪಾಯಿತು. ಎದುರಾಳಿಯ ಕೊನೆಯ ಆಟಗಾರರನ್ನು ದಾಟಿ ಮುಂದೆ ನಿಂತವನಿಗೆ ಚೆಂಡು ಕೊಡಬಾರದು ಎಂದು ಅರ್ಥವಾದ ಐದು ನಿಮಿಷಕ್ಕೆ ಕೊಟ್ಟೂರಿನವರು ಗೋಲು ಹೊಡೆದರು. ಮಾವ ಎದ್ದು ಸೀದಾ ಮೈದಾನದೊಳಗೆ ನಡೆದ.

ಹಗರಿಬೊಮ್ಮನಹಳ್ಳಿಯಿಂದ ಬಂದಿದ್ದ ಪಿ.ಟಿ. ಮಾಸ್ತರರು ಅಂದು ರೆಫರಿ. ಮಾವ ಅವರ ಮುಂದೆ ಕೈಕಟ್ಟಿ ನಿಂತ.

"ಮಾಸ್ತರ, ಹಿಂಡು ಇನ್ನೂ ಹಿಂದ ಇತ್ತು, ಅವ ಒಬ್ಬನೇ ಮುಂದ ಹೋಗಿ ನಿಂತಿದ್ದ. ನಲವತ್ತು ವರ್ಷ ಕುರಿ ಕಾದೀನಿ. ಯಾವುದು ಮುಂದ ಹೋತು, ಯಾವುದು ಹಿಂದ ಉಳೀತು ಅನ್ನೋದು ನನಗ ಹೇಳಬ್ಯಾಡ್ರಿ."

"ಯಜಮಾನ್ರ, ಹೊರಗ ನಡೀರಿ. ಕುಡಿದು ಬಂದೀರೇನು?"

"ಕುಡಿದಿದ್ರ ಇದೆಲ್ಲ ಎಲ್ಲಿ ಕಾಣ್ತಿತ್ತು?"

ಹೋದ ವರ್ಷ ಚೆಂಡು ಬಿಡಿಸಿಕೊಳ್ಳಲು ಹತ್ತು ನಿಮಿಷ ಹಿಡಿದಿತ್ತು. ಈ ವರ್ಷ ಮಾವನಿಗೆ ಉತ್ತರ ಹೇಳಲು ಇಪ್ಪತ್ತೈದು ನಿಮಿಷ ಹಿಡಿಯಿತು. ಯಾರು ಎಲ್ಲಿ ನಿಂತಿದ್ದರೆಂದು ನೆಲದ ಮೇಲೆ ಕಲ್ಲಿಟ್ಟು ತೋರಿಸಿದ. ಕೊಟ್ಟೂರಿನವರು ಟೆಂಪೋ ಹತ್ತಲು ಹೊರಟರು. ಕೊನೆಗೆ ರಾಜಿ ಮಾಡಿಸಿದವರು ಗುಡ್ಡದ ಮೇಲಿನ ಕುಡುಕರು. "ಹೋಗ್ಲಿ ಬಿಡು ಮಾವ, ದೂರದಿಂದ ಬಂದಾರ, ಒಂದು ಗೋಲು ತಗೊಳ್ಳಿ," ಎಂದು ಅಲ್ಲಿಂದಲೇ ಕೂಗಿದರು. ಅವರಿಗೆ ಅಂದು ಯಾರ ಮೇಲೂ ಸಿಟ್ಟಿರಲಿಲ್ಲ. ಒಂದು ಕಡೆಯ ಗೋಲ್‌ಕಂಬ ಬೇವಿನ ಮರದ ಮರೆಯಲ್ಲಿದ್ದರಿಂದ ಸೀಟಿ ಕೇಳಿದಾಗಲೆಲ್ಲ ಚಪ್ಪಾಳೆ ಹೊಡೆದರು. ನಾವು ಮೂರು-ಒಂದು ಗೋಲುಗಳಿಂದ ಸೋತಾಗಲೂ ಹೊಡೆದರು. ನನ್ನ ಭಾಷಣವನ್ನೆಲ್ಲ ತಿರುಗಿಸಿ ಮಾಡಬೇಕೆನಿಸಿತು.

ಹೊತ್ತು ಇಳಿದಿತ್ತು. ಹಗ್ಗ ಸುತ್ತುತ್ತಿದ್ದ ನನ್ನನ್ನು ಅತ್ತೆ ಕರೆದಳು. ತಟ್ಟೆ ಇನ್ನೂ ಅವಳ ಮುಂದಿತ್ತು.

"ಒಳಗ ಬಂದೋರು ಯಾರೂ ಕುಡಿದಿರಲಿಲ್ಲ ಅಂತ ಇದನ್ನ ಮುಟ್ಟಿ ಹೇಳು. ಮುಂದಿನ ವರ್ಷಕ್ಕೂ ಹೊಲ ನಿಮ್ಮದ."

ಕೈ ಮುಂದೆ ಮಾಡಿದೆ. ಕಣ್ಣ ಮುಂದೆ ಇಡೀ ಹೊಲದಲ್ಲಿ ಕಡಲೆ ಹೂಬಿಟ್ಟು ನಿಂತಂತಾಯಿತು. ಬೀರು ಮದ್ಯವಲ್ಲ ಎಂಬ ವಾದ ಹರಪನಹಳ್ಳಿ ರಸ್ತೆಯಲ್ಲಿ ಎಷ್ಟು ಗಟ್ಟಿಯಿತ್ತೋ ಆ ಹಳದಿ ಪುಡಿಯ ಮುಂದೆ ಅಷ್ಟೇ ಸಪ್ಪೆಯಾಯಿತು. ಕೈ ಹಿಂದಕ್ಕೆ ತೆಗೆದೆ. ಇಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

"ಒಬ್ಬ ಕುಡಿದಿದ್ದ ಅತ್ತಿ."

"ಯಾರು?"

"ನಾನ. ಒಂದು ಬೀರು."

ಬೈಯುತ್ತಾಳೆಂದು ಕಾದೆ. ಅವಳು ಮಾವನ ಕಡೆ ನೋಡುತ್ತಿದ್ದಳು. ಆಚೆ ಮಾವ ಟೆಂಪೋ ಹತ್ತಲು ಹೊರಟಿದ್ದ ಮಾಸ್ತರರ ತೋಳು ಹಿಡಿದು ನಿಲ್ಲಿಸಿ ಇನ್ನೊಂದು ಸಲ ಕಲ್ಲು ಜೋಡಿಸುತ್ತಿದ್ದ.

"ಕಡ್ಲಿ ಹಾಕಂಗಿಲ್ಲ ಬಿಡು," ಎಂದಳು. "ನಿನ್ನ ಸಲುವಾಗಿ ಅಲ್ಲ. ನೀ ಮುಂದಿನ ಸಲ ಗುಡ್ಡದ ಮ್ಯಾಲ ಕುಂದ್ರು."

"ಆತು ಅತ್ತಿ."

"ಮಧ್ಯಾಹ್ನ ನಿಮ್ಮ ಮಾವ ಮನ್ಯಾಗ ಕುಂತು ಉಂಡ. ಸಾರಿಗೆ ಉಪ್ಪು ಕಡಿಮಿ ಆಗೇತಿ ಅಂದ. ಮದಿವಿ ಆಗಿ ಮೂವತ್ತು ವರ್ಷಕ್ಕ ಅವಂಗ ನನ್ನ ಸಾರಿನ ರುಚಿ ಗೊತ್ತಾತು."

ಸೆರಗಿನಿಂದ ತಟ್ಟೆ ಮುಚ್ಚಿಕೊಂಡು ಎದ್ದಳು. ಎರಡು ಹೆಜ್ಜೆ ಹೋದವಳು ನಿಂತಳು.

"ಅಲ್ಲಪ, ವರ್ಷಕ್ಕ ಒಂದ ಆಟ ಯಾಕ ಇಡ್ತೀರಿ? ಹೊಲ ಖಾಲಿ ಇರೋ ತನಕ ವಾರಕ್ಕೊಂದು ಇಡಾಕ ಬರಂಗಿಲ್ಲೇನು?"

ಮರುದಿನ ಬೆಳಿಗ್ಗೆ ಕಚೇರಿಗೆ ಹೋದವನೇ ಮೊದಲು ಹಡಗಲಿಗೆ ಫೋನ್ ಮಾಡಿದೆ, ಆಮೇಲೆ ಕೂಡ್ಲಿಗಿಗೆ, ಅಲ್ಲೆಲ್ಲಾದರೂ ಫುಟ್‌ಬಾಲ್ ಆಡುವವರು ಇದ್ದಾರೆಯೇ ಎಂದು ಕೇಳಲು.