ಸಾಕ್ಷಿ ಹೇಳಿದ ಕಾಲು

ಸಿಂಗಪುರದಲ್ಲಿ ಜ್ಯೂರಿ ಇಲ್ಲ. ನನ್ನ ಮೊಣಕಾಲಿಗೆ ಪರಿಹಾರ ಎಷ್ಟು ಅಂತ ತೀರ್ಮಾನಿಸಬೇಕಾದವರು ಜಡ್ಜ್ ಒಬ್ಬರೇ. ಟ್ಯಾಂಪಿನೀಸ್ ಬಡಾವಣೆಯಲ್ಲಿ ವ್ಯಾನ್ ಗುದ್ದಿದ ಮೇಲೆ ಆ ಕಾಲನ್ನು ಸರಿಯಾಗಿ ಮಡಚೋಕೆ ಆಗ್ತಿಲ್ಲ ಅನ್ನೋದೇ ನನ್ನ ಕೇಸು. ಕೋರ್ಟಿನಲ್ಲಿ ಕೂತಾಗ ಟೆನ್ಶನ್‌ಗೆ ಅದೇ ಕಾಲು ಒಂದೇ ಸಮ ಅಲ್ಲಾಡತೊಡಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

"ಈ ನಡುಕ ಆಕ್ಸಿಡೆಂಟ್ ಆದಮೇಲೆ ಬಂದದ್ದಾ?" ಅಂತ ಜಡ್ಜ್ ಕೇಳಿದರು.

ನನ್ನ ಲಾಯರ್ ಮುಖ ಅರಳಿತು. ಹೂಂ ಅಂದಿದ್ದರೆ ಸಾಕಿತ್ತು.

"ಇಲ್ಲ, ಚಿಕ್ಕಂದಿನಿಂದ ಇರೋ ಚಾಳಿ," ಅಂದುಬಿಟ್ಟೆ.

"ಅಂದ್ರೆ ಕಾಲು ಮೊದಲಿನ ಹಾಗೇ ಆಡ್ತಿದೆ," ಅಂದರು ಎದುರು ಪಕ್ಷದ ಲಾಯರ್, ತಣ್ಣಗೆ.

ಕೊನೆಗೆ ಸಿಕ್ಕಿದ್ದು ಕೇಳಿದ್ದರ ಅರ್ಧಕ್ಕೂ ಕಡಿಮೆ. ಕೂತಲ್ಲಿ ಕಾಲು ಅಲ್ಲಾಡಿಸಿದರೆ ಲಕ್ಷ್ಮಿ ನಿಲ್ಲಲ್ಲ ಅಂತ ಅಮ್ಮ ಬೈದಾಗೆಲ್ಲ, ಅದಕ್ಕೆ ಪ್ರೂಫ್ ಏನು ಅಂತ ಕೇಳ್ತಿದ್ದೆ.