ಸೋಮವಾರ ಹೂಡದ ಗಾಡಿ

ಕೊಪ್ಪಳದಲ್ಲಿ ನಾನು ಸ್ಕೂಟರ್ ರಿಪೇರಿಗೆ ಬಿಡುವ ಅಂಗಡಿಯ ಮುಂದೆ ಹಳೇ ಎಣ್ಣೆ ಡಬ್ಬಿಯೊಂದನ್ನು ಅರ್ಧಕ್ಕೆ ಕೊಯ್ದು ಇಟ್ಟಿದ್ದಾರೆ. ಅದರ ತುಂಬ ಡೀಸೆಲ್, ಡೀಸೆಲಿನೊಳಗೆ ಬಿಚ್ಚಿಹಾಕಿದ ನಟ್ಟು ಬೋಲ್ಟುಗಳು. ಜಿಡ್ಡುಗಟ್ಟಿದ ಕಬ್ಬಿಣವನ್ನು ಡೀಸೆಲಿನಲ್ಲಿ ತೊಳೆಯುವಾಗ ಏಳುವ ವಾಸನೆಗೆ ಮೂಗಿಗೆ ಸೆರಗು ಹಿಡಿಯುವವರೇ ಹೆಚ್ಚು. ನಾನು ಮಾತ್ರ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಕೂಡುತ್ತೇನೆ. "ಮೇಡಂ, ಒಳಗ ಫ್ಯಾನ್ ಐತಿ, ಬರ್ರಿ" ಎಂದು ಅಂಗಡಿಯವನು ಕರೆದರೂ ಏಳುವುದಿಲ್ಲ. ಆಫೀಸಿಗೆ ಹೊತ್ತಾದರೂ ಏಳುವುದಿಲ್ಲ. ಆ ವಾಸನೆಗೆ ಒಂದಿಷ್ಟು ಊದಿನಕಡ್ಡಿಯ ಹೊಗೆಯನ್ನೂ ಬದನೆಕಾಯಿ ಎಣಗಾಯಿಯ ಒಗ್ಗರಣೆಯನ್ನೂ ಬೆರೆಸಿದರೆ ಅದು ನಮ್ಮ ಮನೆಯ ಸೋಮವಾರ. ನಿಮ್ಮ ಮನೆಯಲ್ಲೂ ಇಂಥ ಒಂದು ವಾರ ಇದ್ದಿರಬೇಕು, ಮನೆ ಹೋದ ಮೇಲೂ ಮೂಗಿನಲ್ಲಿ ಉಳಿದುಕೊಂಡಿರುವಂಥದ್ದು.

ನಮ್ಮೂರು ಗಂಗಾವತಿಯಿಂದ ಹೇಮಗುಡ್ಡದ ಕಡೆ ಹೋಗುವ ಹಾದಿಯಲ್ಲಿ, ಕಾಲುವೆಯ ನೀರು ಇನ್ನೇನು ಬಂತು ಎನ್ನುತ್ತಲೇ ಬಾರದೆ ಉಳಿದ ಅಂಚಿನಲ್ಲಿತ್ತು. ಮನೆಯಲ್ಲಿ ಇದ್ದವರು ಅಜ್ಜ, ಅಪ್ಪ, ಅವ್ವ ಮತ್ತು ನಾನು. ಇವರ ಜೊತೆಗೆ ಗಾಡಿ. ಗಾಡಿ ಎಂದರೆ ಲಾರಿಗಿಂತ ಸಣ್ಣದು, ಟೆಂಪೋಗಿಂತ ದೊಡ್ಡದು, ಯಾರ್‍ಯಾರದೋ ಕೈಯಲ್ಲಿ ಸವೆದು ನಮ್ಮ ಕೈಗೆ ಬಂದ ನೀಲಿ ಬಣ್ಣದ ಮುದುಕಿ. ಹೊಲದ ಬೆಳೆ ನಾಲ್ಕು ಹೊಟ್ಟೆಗೆ ಸಾಲದಾದಾಗ ಅಪ್ಪನಿಗೆ ಅದನ್ನು ಕೊಡಿಸಲು ಅಜ್ಜ ತನ್ನ ಜೋಡೆತ್ತು ಮಾರಿದ್ದ. ಎತ್ತು ಹೋದವು, ಎತ್ತಿನ ಶಾಸ್ತ್ರಗಳು ಮಾತ್ರ ಮನೆಯಲ್ಲೇ ಉಳಿದವು. ಅಜ್ಜ ಅವನ್ನೆಲ್ಲ ತಂದು ಗಾಡಿಯ ಮೇಲೆ ಹೇರಿದ. ಕಾರ ಹುಣ್ಣಿಮೆಗೆ ಅದರ ಬಂಪರಿಗೆ ಕೆಮ್ಮಣ್ಣು ಬಳಿದು ಗೆಜ್ಜೆಸರ ಕಟ್ಟುತ್ತಿದ್ದ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಸೋಮವಾರದ್ದು. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಆದ್ದರಿಂದ ಗಾಡಿಗೂ ಸೋಮವಾರ ಬಿಡುವು. "ದುಡಿಯೂ ಜೀವಕ್ಕ ವಾರಕ್ಕೊಂದಿನ ಹೆಗಲ ಆರಬೇಕು" ಎನ್ನುತ್ತಿದ್ದ ಅಜ್ಜ. ಊರ ಮಂದಿ ನಕ್ಕರು. ಅಜ್ಜನದು ಬೇಕಾದ್ದನ್ನಷ್ಟೇ ಕೇಳಿಸಿಕೊಳ್ಳುವ ಕಿವಿ, ನಗು ಅದರೊಳಗೆ ಇಳಿಯಲೇ ಇಲ್ಲ.

ಉಳಿದ ಆರು ದಿನ ಗಾಡಿ ಕತ್ತೆಯ ಹಾಗೆ ದುಡಿಯುತ್ತಿತ್ತು. ಗಂಗಾವತಿಯ ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟು ತುಂಬಿಕೊಂಡು ಸುತ್ತಲಿನ ಇಟ್ಟಂಗಿ ಭಟ್ಟಿಗಳಿಗೆ ಹಾಕುವುದು ಅಪ್ಪನ ಕೆಲಸ. ಬೆಳಕು ಹರಿಯುವ ಮೊದಲೇ ಹೋಗಿ ನಾನು ಮಲಗಿದ ಮೇಲೆ ಬರುತ್ತಿದ್ದ. ಬೆಳಿಗ್ಗೆ ಎದ್ದಾಗ ಕೌದಿಯ ಮೇಲೆ ಒಂದಿಷ್ಟು ಹೊಟ್ಟು ಉದುರಿದ್ದರೆ ಅಪ್ಪ ಬಂದು ನನ್ನ ತಲೆ ಸವರಿ ಹೋಗಿದ್ದಾನೆ ಎಂದು ನಾನು ತಿಳಿದುಕೊಳ್ಳಬೇಕು. ಸೋಮವಾರ ಬಿಟ್ಟು ಬೇರೆ ದಿನ ಗಾಡಿ ತಪ್ಪಿದರೆ ಗಿರಣಿಯವರು ಮತ್ತೊಬ್ಬರ ಗಾಡಿ ಕರೆಯುತ್ತಿದ್ದರು, ಹಾಗೆ ಬಂದವರು ಬಿಟ್ಟು ಹೋಗುವವರಲ್ಲ. ಹೀಗಾಗಿ ಮಂಗಳವಾರ ಕೆಟ್ಟದ್ದು ತಂತಿ ಬಿಗಿಸಿಕೊಂಡು, ಹಗ್ಗ ಕಟ್ಟಿಸಿಕೊಂಡು, ಸೋರುವ ಟ್ಯಾಂಕಿಗೆ ಸಾಬೂನು ಮೆತ್ತಿಸಿಕೊಂಡು ಸೋಮವಾರದ ದಾರಿ ಕಾಯುತ್ತಿತ್ತು. ಸೋಮವಾರ ಬಂದರೂ ಎಲ್ಲ ಕೆಲಸಕ್ಕೂ ದುಡ್ಡು ಸಾಲುತ್ತಿರಲಿಲ್ಲ. ಕ್ಲಚ್ ಪ್ಲೇಟ್ ಹಾಕಿಸಿದ ವಾರ ರೇಡಿಯೇಟರ್ ಸೋರುತ್ತಿರಲಿ ಎಂದು ಬಿಡಬೇಕು, ರೇಡಿಯೇಟರಿಗೆ ಬೆಸುಗೆ ಹಾಕಿಸಿದ ವಾರ ಬ್ಯಾಟರಿಯನ್ನು ದೇವರ ಮೇಲೆ ಹಾಕಬೇಕು. "ರೊಕ್ಕ ಇದ್ದಾಗ ಸ್ವಾಮಾರ ದೂರ ಇರ್ತೈತಿ, ಸ್ವಾಮಾರ ಬಂದಾಗ ರೊಕ್ಕ ದೂರ ಹೋಗಿರ್ತೈತಿ" ಎಂದು ಅಪ್ಪ ನಗುತ್ತಿದ್ದ. ಅವ್ವ ನಗುತ್ತಿರಲಿಲ್ಲ. ಹಬ್ಬಕ್ಕೆಂದು ಅವಳು ತೆಗೆದಿಟ್ಟದ್ದು ಎಷ್ಟೋ ಸಲ ಗಾಡಿಯ ಟೈರಾಗಿ ಮನೆ ಮುಂದೆ ನಿಂತಿತ್ತು.

ಸೋಮವಾರ ಗಂಗಾವತಿಯಿಂದ ಮಿಸ್ತ್ರಿ ರಾಜಾಸಾಬ್ ಕಾಕಾ ಬರುತ್ತಿದ್ದ. ತನ್ನ ಕೈ ತಾಗಿದರೆ ಸತ್ತ ಎಂಜಿನ್ನೂ ಎದ್ದು ಸಲಾಂ ಹೊಡೆಯುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ನಿಜ ಹೇಳಬೇಕೆಂದರೆ ಅವನು ಮೂರು ಸರಿಮಾಡಿ ಒಂದು ಮರೆಯುವ ಪೈಕಿ. ಆದರೆ ಕೂಲಿಗೆ ಅವಸರ ಮಾಡುತ್ತಿರಲಿಲ್ಲ, ಅವ್ವನ ಎಣಗಾಯಿ ಪಲ್ಯ ಮತ್ತು ಬಿಸಿ ರೊಟ್ಟಿ ಕಂಡರೆ ಅರ್ಧ ಕೂಲಿ ಮುಟ್ಟಿದ ಹಾಗೆ ಮುಖ ಅರಳಿಸುತ್ತಿದ್ದ. ನಾನು ಶಾಲೆ ಬಿಟ್ಟ ಕೂಡಲೇ ಓಡಿ ಬಂದು, ಚೀಲ ಕಟ್ಟೆಯ ಮೇಲೆ ಒಗೆದು, ಗಾಡಿಯ ಕೆಳಗೆ ಅಪ್ಪನ ಮಗ್ಗುಲಿಗೆ ಹೋಗಿ ಮಲಗುತ್ತಿದ್ದೆ. ಹೊರಗಿನಿಂದ ನೋಡಿದವರಿಗೆ ಎರಡು ದೊಡ್ಡ ಕಾಲು, ಎರಡು ಸಣ್ಣ ಕಾಲು ಕಾಣುತ್ತಿದ್ದವು. ಆರು ದಿನ ಹೊಟ್ಟೆಯಲ್ಲಿಟ್ಟುಕೊಂಡ ಸುದ್ದಿಯನ್ನೆಲ್ಲ ಅಲ್ಲಿ ಸುರಿಯುತ್ತಿದ್ದೆ. ಅಪ್ಪ ಬಾಯಲ್ಲಿ ನಟ್ಟು ತಿರುವುವ ಪಾನಾ ಕಚ್ಚಿಕೊಂಡೇ "ಹೂಂ, ಹೂಂ" ಎನ್ನುತ್ತಿದ್ದ. ತಣ್ಣನೆಯ ನೆಲ, ಮೇಲೆ ಕಪ್ಪು ಕಬ್ಬಿಣದ ಹೊಟ್ಟೆ, ಎಲ್ಲಿಂದಲೋ ತೊಟ್ಟಿಕ್ಕುವ ಎಣ್ಣೆ. ಅಪ್ಪನನ್ನು ನಾನು ಹಗಲು ಬೆಳಕಿನಲ್ಲಿ ನೋಡಿದ್ದೆಲ್ಲ ಆ ಗಾಡಿಯ ನೆರಳಿನಲ್ಲೇ.

ಇದರಲ್ಲಿ ಒಂದೇ ತೊಡಕು. ಎಂಜಿನ್ ಚಾಲೂ ಮಾಡಿದರೆ ಹೂಡಿದಂತೆ ಎಂದು ಅಜ್ಜ ತೀರ್ಮಾನಿಸಿಬಿಟ್ಟಿದ್ದ. ಸೋಮವಾರ ಮಾಡಿದ ರಿಪೇರಿ ಸರಿಯಾಯಿತೋ ಇಲ್ಲವೋ ಎಂಬುದು ಮಂಗಳವಾರ ನಸುಕಿಗೇ ಗೊತ್ತಾಗಬೇಕು. ಅಪ್ಪ ಕೀಲಿ ತಿರುವುವಾಗ ಅವ್ವ ಒಲೆಯ ಮುಂದೆ ಕಣ್ಣು ಮುಚ್ಚಿ ನಿಂತಿರುತ್ತಿದ್ದಳು. ಗಾಡಿ ಕೆಮ್ಮಿ, ಮತ್ತೆ ಕೆಮ್ಮಿ, ಗುರ್ ಎಂದಾಗ ನಮಗೆಲ್ಲ ಉಸಿರು ಬರುತ್ತಿತ್ತು. ಲೋಕದಲ್ಲಿ ಎಲ್ಲರೂ ರಿಪೇರಿ ಮಾಡಿ ಚಾಲೂ ಮಾಡಿ ನೋಡುತ್ತಾರೆ, ನಾವು ರಿಪೇರಿ ಮಾಡಿ ನಿದ್ದೆ ಮಾಡುತ್ತಿದ್ದೆವು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಎಂಜಿನ್ನೇ ಸೋತಿತು. ಹೇಮಗುಡ್ಡದ ಏರಿನಲ್ಲಿ ಕಪ್ಪು ಹೊಗೆ ಬಿಡುತ್ತ, ಡೀಸೆಲಿಗಿಂತ ಹೆಚ್ಚು ಆಯಿಲ್ ಕುಡಿಯುತ್ತ ನಿಂತು ನಿಂತು ಹತ್ತುತ್ತಿತ್ತು. ಎಂಜಿನ್ ಇಳಿಸಿ ಪೂರ್ತಿ ಬಿಚ್ಚಬೇಕು, ಎಂಟು ಹತ್ತು ದಿನವಾದರೂ ಗಾಡಿ ನಿಲ್ಲಬೇಕು ಎಂದ ರಾಜಾಸಾಬ್. ಅಷ್ಟು ದಿನ ನಿಲ್ಲಿಸಿದರೆ ಗಿರಣಿಯ ಬಾಡಿಗೆ ಹೋದ ಹಾಗೇ. ಅದೇ ಹೊತ್ತಿಗೆ ಗಿರಣಿಯ ಮಾಲೀಕರು ಅಪ್ಪನಿಗೆ ಒಂದು ಮಾತು ಹೇಳಿದ್ದರು: ಆ ಹಳೇ ಗಾಡಿ ಗುಜರಿಗೆ ಹಾಕಿ ನಮ್ಮ ದೊಡ್ಡ ಲಾರಿಗೆ ಡ್ರೈವರ್ ಆಗಿ ಬಾ, ಮುಂಬೈ ಕಡೆ ಅಕ್ಕಿ ಹೋಗುತ್ತದೆ. ಸಂಬಳ ಛಲೋ ಇತ್ತು. ಮನೆಗೆ ಬರುವುದು ತಿಂಗಳಿಗೊಮ್ಮೆ. ಅಪ್ಪ ಊಟಕ್ಕೆ ಕೂತಾಗ ಇದನ್ನು ಹೇಳಿದ, ನಾನು ಮಲಗಿದ್ದೇನೆ ಎಂದುಕೊಂಡು. ನಾನು ಕೌದಿಯೊಳಗೇ ಎಲ್ಲ ಕೇಳಿಸಿಕೊಂಡೆ. ಹೊಟ್ಟು ಉದುರದ ಕೌದಿ ಹೇಗಿರುತ್ತದೆ ಎಂದು ಆ ವಯಸ್ಸಿನಲ್ಲೂ ನನಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಂದ ಮುಂದೆ ನನ್ನ ದೇವರುಗಳಿಗೆಲ್ಲ ಒಂದೇ ಬೇಡಿಕೆ, ಗಾಡಿ ಸಾಯಬಾರದು.

ದಾರಿ ಹುಡುಕಿದವಳು ಅವ್ವ. "ಹಳೇದು ಓಡ್ಕೊಂತ ಇರಲಿ. ಇನ್ನೊಂದು ಎಂಜಿನ್ ತಂದು ಇಲ್ಲೇ ಇಟ್ಕೊಂಡು ಸ್ವಾಮಾರಕ್ಕೊಂದೀಟು ರೆಡಿ ಮಾಡ್ರಿ. ನಾನು ಕೌದಿ ಹೊಲಿಯೂದು ಹಂಗ ಅಲ್ಲೇನು, ಅರಿಬಿ ಸಿಕ್ಕಾಂಗ?" ಎಂದಳು. ರಾಜಾಸಾಬ್ ಬೆರಗಾಗಿ, ಆಮೇಲೆ ಆ ಉಪಾಯ ಮೊದಲೇ ತನ್ನ ತಲೆಯಲ್ಲಿತ್ತು ಎಂದ. ಗುಜರಿಯಿಂದ ಅಂಥದ್ದೇ ಒಂದು ಸತ್ತ ಎಂಜಿನ್ ಬಂದು, ಎತ್ತುಗಳಿದ್ದ ಕೊಟ್ಟಿಗೆಯಲ್ಲಿ ಗ್ವಾದಲಿಯ ಪಕ್ಕಕ್ಕೆ ಕೂತಿತು. ಮೇವು ಹಾಕುತ್ತಿದ್ದ ಗ್ವಾದಲಿಯಲ್ಲಿ ಈಗ ನಟ್ಟು, ವಾಷರು, ಬಟ್ಟೆ ಸುತ್ತಿದ ಪಿಸ್ಟನ್ನು. ಒಂದು ಸೋಮವಾರ ಬರೀ ತೊಳೆಯುವುದು, ಇನ್ನೊಂದು ಸೋಮವಾರ ಲೇತ್ ಅಂಗಡಿಯಿಂದ ಕಡೆದು ಬಂದ ತುಂಡನ್ನು ಕೂಡಿಸುವುದು, ದುಡ್ಡಿಲ್ಲದ ಸೋಮವಾರ ಮೇಲೆ ಗೋಣಿಚೀಲ ಹೊದಿಸಿ ಸುಮ್ಮನೆ ನೋಡುವುದು. ಅಜ್ಜ ಅದರ ಪಕ್ಕಕ್ಕೇ ತಾನು ಮಲಗುವ ಹೊರಸು ಹಾಕಿಸಿಕೊಂಡ, ಕೊಟ್ಟಿಗೆ ಮತ್ತೆ ತುಂಬಿತಲ್ಲ ಎಂಬ ಖುಷಿ ಅವನಿಗೆ. ಮುಂಗಾರು ಬಿತ್ತನೆಗೆ ಶುರುವಾದದ್ದು ಜೋಳ ಕೊಯ್ಯುವ ಹೊತ್ತಿಗೆ ಮುಗಿಯಿತು. ಇತ್ತ ಹಳೇ ಎಂಜಿನ್ ದಿನಾ ಹೊಗೆ ಉಗುಳುತ್ತ, ಇವತ್ತೋ ನಾಳೆಯೋ ಎನ್ನುತ್ತ ಹೇಗೋ ಎಳೆಯಿತು.

ಎಂಜಿನ್ ಬದಲಿಸುವ ಸೋಮವಾರ ಓಣಿಯ ಗಂಡಸರೆಲ್ಲ ನಮ್ಮ ಅಂಗಳದಲ್ಲಿದ್ದರು. ಕಂಬ ಕಟ್ಟಿ, ಸರಪಳಿ ಹಾಕಿ ಹಳೆಯದನ್ನು ಎತ್ತಿದರು, ಹೊಸದನ್ನು ಇಳಿಸಿದರು. ಹೊತ್ತು ಇಳಿಯುವಾಗ ಕೊನೆಯ ಬೋಲ್ಟು ಬಿಗಿದ ರಾಜಾಸಾಬ್ ಕೈ ಒರೆಸಿಕೊಂಡು, "ಯಜಮಾನ್ರ, ಇವತ್ತೊಂದಿನ ನನ್ನ ಮಾತು ಕೇಳ್ರಿ. ಇದು ಪಂಚರ್ ಅಲ್ಲ, ಎಂಜಿನ್ನು. ಚಾಲೂ ಮಾಡಿ ನೋಡಲಾರ್ದ ನಾ ಮನಿಗೆ ಹೋಗಂಗಿಲ್ಲ" ಎಂದ. ಎಲ್ಲರೂ ಅಜ್ಜನ ಮುಖ ನೋಡಿದರು. ಅಜ್ಜ ಆಗದೆಂದು ತಲೆ ಅಲ್ಲಾಡಿಸಿದ. ಅಪ್ಪ ಗಾಡಿಗೆ ಆತು ನಿಂತು ನೆಲ ನೋಡುತ್ತಿದ್ದ. ಆಗ ಮಾವನ ಎದುರು ಎಂದೂ ದನಿ ಎತ್ತದ ಅವ್ವ ಬಾಗಿಲಲ್ಲೇ ನಿಂತು ಹೇಳಿದಳು: "ಮಾವಾರ, ನಾಳೆ ಇದು ನಡುದಾರ್‍ಯಾಗ ನಿಂತ್ರ ನಿಮ್ಮ ಮಗ ಮುಂಬೈಗೆ ಹೊಕ್ಕಾರ."

ಅಜ್ಜ ಎದ್ದು ಬಂದು, ಇನ್ನೂ ತಣ್ಣಗಿದ್ದ ಎಂಜಿನ್ನಿನ ಮೇಲೆ ಅಂಗೈ ಇಟ್ಟ. "ಹುಟ್ಟಿದ ಕರಾನ ಯಾರೂ ಅವತ್ತ ಹೂಡಂಗಿಲ್ಲ. ಆದ್ರ ಅದು ಎದ್ದು ನಿಲ್ಲತೈತೋ ಇಲ್ಲೋ ನೋಡೇ ನೋಡ್ತಾರ. ಎಬ್ಬಸ್ರಿ. ಗಾಲಿ ಮಾತ್ರ ಉಳ್ಳಬಾರದು" ಎಂದ. ಅಪ್ಪ ಕೀಲಿ ತಿರುವಿದ. ಗಾಡಿ ಎದ್ದು ನಿಂತಿತು. ಓಣಿಯ ಮಂದಿ ಕೇಕೆ ಹಾಕುವಷ್ಟರಲ್ಲೇ ಎಂಜಿನ್ನಿನ ಮಗ್ಗುಲಿನಿಂದ ಕರಿ ಎಣ್ಣೆ ಚಿಮ್ಮಿ ರಾಜಾಸಾಬನ ಅಂಗಿಯ ಮೇಲೆ ಬಿತ್ತು. ಅಪ್ಪ ಗಕ್ಕನೆ ಬಂದ್ ಮಾಡಿದ. ಆಯಿಲ್ ಪೈಪಿಗೆ ಹಾಕಬೇಕಾದ ಒಂದು ವಾಷರ್ ಗ್ವಾದಲಿಯಲ್ಲೇ ಉಳಿದಿತ್ತು. ಲೋಡು ಹೊತ್ತು ದಾರಿಯಲ್ಲಿ ಹೋಗುವಾಗ ಹೀಗಾಗಿದ್ದರೆ ಆಯಿಲ್ ಖಾಲಿಯಾಗಿ ಎಂಜಿನ್ ಜಾಮ್ ಆಗುತ್ತಿತ್ತು, ಅಷ್ಟೂ ಸೋಮವಾರಗಳು ಒಂದು ಗಳಿಗೆಯಲ್ಲಿ ಸುಟ್ಟುಹೋಗುತ್ತಿದ್ದವು. ರಾಜಾಸಾಬ್ ವಾಷರ್ ಹಾಕಿದ, ಮತ್ತೆ ಚಾಲೂ ಮಾಡಿದರು, ಒಂದು ಹನಿಯೂ ಸೋರಲಿಲ್ಲ. ಮಂಗಳವಾರ ಬೆಳಿಗ್ಗೆ ಅಪ್ಪ ಗಿರಣಿಗೆ ಹೋದ, ಬುಧವಾರ ನನ್ನ ಕೌದಿಯ ಮೇಲೆ ಹೊಟ್ಟು ಬಿದ್ದಿತ್ತು. ಅದನ್ನು ನಾನು ಝಾಡಿಸಲಿಲ್ಲ.

ಕಥೆ ಇಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಒಮ್ಮೆ ಎದ್ದ ಗಾಡಿ ಸೋಮವಾರ ಮಲಗಲು ಒಪ್ಪಲಿಲ್ಲ. ಮೊದಲು ಬರೀ ಚಾಲೂ ಮಾಡಿ ನೋಡುವುದು, ಆಮೇಲೆ ಊರ ಬಾವಿಯ ತನಕ ಒಂದು ಸುತ್ತು, ಆಮೇಲೆ ಯಾರದೋ ಮನೆ ಕಟ್ಟಲು ಉಸುಕು. ಹೊಸ ಎಂಜಿನ್ ಗಟ್ಟಿಯಿತ್ತು, ವಾರಕ್ಕೊಂದು ರಿಪೇರಿ ಬೇಕಾಗಿರಲಿಲ್ಲ. ಸೋಮವಾರವೂ ಗಾಡಿ ಬೇಕು ಎಂದರು ಗಿರಣಿಯವರು, ನನ್ನ ಹೈಸ್ಕೂಲಿನ ಖರ್ಚೂ ಬಂದಿತ್ತು, ಅಪ್ಪ ಒಪ್ಪಿಕೊಂಡ. ಅಪ್ಪ ಮುಂಬೈಗೆ ಹೋಗಲಿಲ್ಲ, ದಿನಾ ಮನೆಗೆ ಬಂದ, ನಾನು ಬೇಡಿಕೊಂಡದ್ದನ್ನೆಲ್ಲ ದೇವರು ಕೊಟ್ಟಿದ್ದ. ಸೋಮವಾರ ಒಂದನ್ನು ಬೇಡಿಕೊಳ್ಳಲು ಮರೆತಿದ್ದೆ. ಗಾಡಿಯ ಕೆಳಗೆ ಮಲಗಿ ಸುದ್ದಿ ಹೇಳೋಣವೆಂದರೆ ಗಾಡಿಯೇ ಮನೆಯಲ್ಲಿರಲಿಲ್ಲ, ಹೇಳುವ ಸುದ್ದಿಗಳು ಬರಬರುತ್ತ ಒಳಗೇ ಒಣಗಿದವು. ಆ ನೆರಳು ಈಗಲೂ ನನಗೆ ಬೇಕು ಅನ್ನಿಸುತ್ತದೆ. ಅಜ್ಜ ಯಾರನ್ನೂ ಬೈಯಲಿಲ್ಲ. ಸೋಮವಾರ ಬೆಳಿಗ್ಗೆ ಗಾಡಿ ಹೊರಡುವ ಹೊತ್ತಿಗೆ ಮಾತ್ರ ಹೊಲದ ಕಡೆ ಹೋಗಿಬಿಡುತ್ತಿದ್ದ, ನೋಡದಿದ್ದರೆ ಆಗಿಲ್ಲ ಎಂಬಂತೆ.

ನಾನು ಕಾಲೇಜಿಗೆ ಹೋಗುವ ಕಾಲಕ್ಕೆ ಅಜ್ಜ ಹಾಸಿಗೆ ಹಿಡಿದ. ಹೊಲದ ಕಡೆ ಎದ್ದು ಹೋಗಲಾಗದೆ ಪಡಸಾಲೆಯಲ್ಲೇ ಮಲಗಿರುತ್ತಿದ್ದ. ಒಂದು ಬೆಳಿಗ್ಗೆ ಅವ್ವ ಗಂಜಿ ತಂದಾಗ ಕೈ ಅಡ್ಡ ಮಾಡಿದ. "ಬ್ಯಾಡವ್ವಾ. ಇವತ್ತ ಸ್ವಾಮಾರ, ನಂದು ಒಪ್ಪತ್ತು. ಸಂಜಿಗೆ ಕೊಡು." ಆಗಲೇ ಹೊರಗೆ ಗಾಡಿ ಚಾಲೂ ಆಯಿತು. ಅಜ್ಜ ಅಪ್ಪನನ್ನು ಕರೆಸಿದ. ಅಪ್ಪ ಹೆಗಲ ಮೇಲೆ ಟವೆಲು ಹಾಕಿಕೊಂಡು ಬಂದು ನಿಂತ, ಹೊರಗೆ ಎಂಜಿನ್ ಓಡುತ್ತಲೇ ಇತ್ತು.

"ಇವತ್ತ ಯಾವ ವಾರಪಾ?" ಎಂದು ಕೇಳಿದ ಅಜ್ಜ.

ಅಪ್ಪ ನನ್ನನ್ನೂ ಅವ್ವನನ್ನೂ ನೋಡಲಿಲ್ಲ. "ಮಂಗಳಾರ, ಯಪ್ಪಾ" ಎಂದ.

ಅವ್ವ ಗಂಜಿಯ ಬಟ್ಟಲು ಹಿಡಿದುಕೊಂಡು ಗೋಡೆಯ ಕಡೆ ತಿರುಗಿದಳು. ಅಜ್ಜ ಮಗನ ಮುಖವನ್ನು ಸ್ವಲ್ಪ ಹೊತ್ತು ನೋಡಿದ, ಕಣ್ಣಿನಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. "ಹಂಗಾರ ಹೂಡು. ಬಿಸಲೇರೂದ್ರಾಗ ಹೋಗಿ ಬಾ" ಎಂದ. ಅಪ್ಪ ಅವನ ಕಾಲು ಮುಟ್ಟಿ ಹೋದ. ಮುಂದಿನ ಸೋಮವಾರ ಬರುವಷ್ಟರಲ್ಲಿ ಅಜ್ಜ ಇರಲಿಲ್ಲ.

ಆಮೇಲೆ ಗಾಡಿ ಗುಜರಿಗೆ ಹೋಯಿತು, ಮನೆ ಬಿದ್ದ ಜಾಗದಲ್ಲಿ ಬೇರೆಯವರ ಮನೆ ಎದ್ದಿತು. ಅಪ್ಪ ಕೊನೆಯ ತನಕ ಆಗಾಗ ಹೇಳಿಕೊಳ್ಳುತ್ತಿದ್ದ: "ಪಾಪ, ನಮ್ಮಪ್ಪಗ ಕಡೀಕ ವಾರದ ಖಬರ ಇರಲಿಲ್ಲ. ಅದ ಛಲೋ ಆತು, ನಾ ಸುಳ್ಳ ಹೇಳಿದ್ದು ಗೊತ್ತಾಗಲಿಲ್ಲ." ಹಾಗೆ ಹೇಳಿದಾಗಲೆಲ್ಲ ಅವನ ಮುಖ ಹಗುರಾಗುತ್ತಿತ್ತು. ಅವ್ವ ನನ್ನ ಕಡೆ ನೋಡುತ್ತಿದ್ದಳು, ನಾನು ಅವ್ವನ ಕಡೆ. ಈಗ ಅಪ್ಪನೂ ಇಲ್ಲ. ಗಂಜಿಯ ಮಾತನ್ನು ನಾವಿಬ್ಬರೂ ಅವನಿಗೆ ಹೇಳಲೇ ಇಲ್ಲ.