ಕೂಸು ಅಳದ ದಿನ

ಎಳೆಗೂಸುಗಳಿಗೆ ಎಣ್ಣೆ ಹಚ್ಚಿ ನೀರು ಹಾಕುವುದು ಬೆಳಕವಾಡಿಯ ರೇವಮ್ಮನ ಕೆಲಸ. ಮಂಡ್ಯದ ಮಗಳ ಮನೆಗೆ ಬಂದು ನೆಲೆಸಿದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಪಕ್ಕದ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಯಾವ ಮನೆಯಲ್ಲಿ ಬಾಣಂತನವಾದರೂ ಅವಳಿಗೇ ಕರೆ ಬರುತ್ತಿತ್ತು.

ಅಲ್ಲಿನ ನಲ್ಲಿ ಕಂಡರೆ ಮಾತ್ರ ಅವಳಿಗಾಗದು. ತಾರಸಿಯ ಸೋಲಾರ್ ಟ್ಯಾಂಕಿನಿಂದ ಇಡೀ ಕಟ್ಟಡಕ್ಕೆ ಬಿಸಿನೀರು. ಒಂದು ಗಳಿಗೆ ಕೈ ಸುಡುತ್ತಿತ್ತು, ಕೆಳಗಿನ ಮನೆಯವರು ನಲ್ಲಿ ತಿರುಗಿಸಿದರೆ ತಣ್ಣಗಾಗುತ್ತಿತ್ತು. ಅಲ್ಲಿ ಈಚೆಗೆ ಹೆತ್ತಿದ್ದ ಕುಸುಮಳ ಕೂಸಂತೂ ಬಚ್ಚಲಿಗೆ ಒಯ್ದರೆ ಸಾಕು, ಮೇಲಿನ ಮಹಡಿಗೂ ಕೇಳುವಂತೆ ಕಿರುಚುತ್ತಿತ್ತು.

ಹೋದ ವಾರ ನಿವಾಸಿಗಳ ಸಂಘದವರು ಟ್ಯಾಂಕಿನ ಬಳಿ ಹೊಸ ವಾಲ್ವ್ ಹಾಕಿಸಿದರು. ಅದು ಬಿಸಿನೀರಿಗೆ ತಣ್ಣೀರು ತಾನೇ ಬೆರೆಸಿ ಎಲ್ಲ ಮನೆಗೂ ಒಂದೇ ಹದದಲ್ಲಿ ಕಳಿಸುತ್ತದಂತೆ.

"ಅದು ನನ್ ಕೈಗಿಂತ ಎಚ್ಚಾ?" ಎನ್ನುತ್ತಾ ರೇವಮ್ಮ ಕುಸುಮಳ ಬಚ್ಚಲಲ್ಲಿ ಬಕೆಟ್ಟಿಗೆ ಮೊಣಕೈ ಅದ್ದಿದಳು. ಹದವಾಗಿತ್ತು. ಇನ್ನೊಂದು ಬಕೆಟ್ ತುಂಬಿದಳು. ಅದೂ ಹಾಗೇ ಇತ್ತು. ಕಾಲ ಮೇಲೆ ಮಲಗಿದ ಕೂಸು ಕಣ್ಣರಳಿಸಿ ಅವಳನ್ನೇ ನೋಡಿತೇ ಹೊರತು ಅಳಲಿಲ್ಲ.

ಅಳು ಕೇಳದೆ ಗಾಬರಿಯಾದ ಕುಸುಮಳ ತಾಯಿ ನಾಗರತ್ನ ಓಡಿಬಂದು ಬಾಗಿಲು ಬಡಿದಳು. "ರೇವಕ್ಕ, ಕೂಸ್ಗೆ ಏನಾಯ್ತು? ಸದ್ದೇ ಇಲ್ವಲ್ಲ!"

"ಏನೂ ಆಗಿಲ್ಲ ಕಣಮ್ಮ, ಒಳಿಕ್ ಬಂದ್ ನೋಡು. ನಗ್ತಾ ಅದೆ."

ನಾಗರತ್ನ ಬಗ್ಗಿದ್ದೇ ತಡ, ಕೂಸು ಕಾಲಾಡಿಸಿ ಅವಳ ಸೀರೆಗೆಲ್ಲ ನೀರು ಸಿಡಿಸಿತು. ಸೆರಗು ಹಿಂಡುತ್ತಾ ಅವಳೂ ನಕ್ಕಳು.

"ನೀರು ಇಷ್ಟ್ ಚೆಂದಾಗದೆ, ನನ್ ಬೆನ್ಗೂ ಎಲ್ಡು ಚೊಂಬು ಉಯ್ದುಬುಡಕ್ಕ" ಎಂದು ಅಲ್ಲೇ ಮಣೆ ಎಳೆದು ಕೂತಳು.

ರೇವಮ್ಮ ಕೂಸನ್ನು ಟವೆಲ್ಲಿನಲ್ಲಿ ಸುತ್ತಿ, ಬಾಗಿಲಿಗೆ ಬಂದ ಕುಸುಮಳ ಕೈಗೆ ಕೊಟ್ಟು, ಎಣ್ಣೆ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು.